ಚೀಟಿಯಲ್ಲಿ ಬರೆಯದ ಬಿಳಿಮಚ್ಚೆ

ಅಮೆರಿಕದ ಚರ್ಮರೋಗ ತಜ್ಞರಿಗೆ ಪ್ರಿಯವಾದ ಒಂದು ಮಾತಿದೆ: ‘ಕನ್ಸಿಸ್ಟೆಂಟ್ ವಿತ್ ವಿಟಿಲಿಗೋ’. ಕಂಡದ್ದು ವಿಟಿಲಿಗೋ, ಅಂದರೆ ಬಿಳಿಮಚ್ಚೆಯ ಲಕ್ಷಣಕ್ಕೆ ಹೊಂದುತ್ತದೆ ಎಂದು ಅರ್ಥ. ನಾಳೆ ಯಾರಾದರೂ ಪ್ರಶ್ನಿಸಿದರೆ ‘ನಾನೇನು ಖಡಾಖಂಡಿತವಾಗಿ ಹೇಳಿರಲಿಲ್ಲ’ ಎಂದು ಪಕ್ಕಕ್ಕೆ ಸರಿಯಲು ಜಾಗ ಇಟ್ಟುಕೊಂಡ ಮಾತು ಅದು. ಎದುರಿಗೆ ಕೂತ ರೋಗಿಗೆ ಇದರಿಂದ ಆಗಲೇ ಏನೂ ಆಗುವುದಿಲ್ಲ. ಮುಲಾಮು ಬರೆಸಿಕೊಂಡು ಮನೆಗೆ ಹೋಗುತ್ತಾರೆ. ಫಜೀತಿ ಶುರುವಾಗುವುದು ಆ ಟಿಪ್ಪಣಿ ಸಮುದ್ರ ದಾಟಿ ಬೆಂಗಳೂರಿನ ಯಾವುದೋ ಟೆಕ್ ಪಾರ್ಕಿನಲ್ಲಿ ಕೂತು ಅದನ್ನು ವಿಮೆಯ ಬಿಲ್ಲಿಗೆ ಬೇಕಾದ ಕೋಡ್ ಆಗಿಸುವ ಮೆಡಿಕಲ್ ಕೋಡರ್‌ನ ಪರದೆಗೆ ಬಂದಾಗ.

ಹೊರರೋಗಿಗಳ ಮಟ್ಟಿಗೆ ಅಲ್ಲಿನ ಕೋಡಿಂಗ್ ನಿಯಮ ಬಿಗಿ. ‘ಇರಬಹುದು’, ‘ಶಂಕೆ ಇದೆ’, ‘ಅಲ್ಲವೆಂದು ಖಚಿತಪಡಿಸಬೇಕು’, ‘ಹೊಂದುತ್ತದೆ’ ಎಂಬ ಧಾಟಿಯಲ್ಲಿ ಬರೆದ ಯಾವ ಕಾಯಿಲೆಗೂ ಆ ಕಾಯಿಲೆಯ ಕೋಡ್ ಹಾಕುವಂತಿಲ್ಲ. ಕಣ್ಣಿಗೆ ಕಂಡ ಚಿಹ್ನೆ ಏನಿದೆಯೋ ಅದಕ್ಕಷ್ಟೇ ಕೋಡ್. ಅದೇ ರೋಗಿ ಆಸ್ಪತ್ರೆಗೆ ದಾಖಲಾಗಿ, ಡಿಸ್ಚಾರ್ಜ್ ದಿನವೂ ವೈದ್ಯರು ‘ಇರಬಹುದು’ ಎಂದೇ ಬರೆದಿದ್ದರೆ ಕಾಯಿಲೆ ಇದ್ದಂತೆಯೇ ಲೆಕ್ಕ ಹಿಡಿಯುತ್ತಾರೆ. ಆದರೆ ಬಿಳಿಮಚ್ಚೆಗೆಂದು ಯಾರು ವಾರ್ಡಿಗೆ ದಾಖಲಾಗುತ್ತಾರೆ? ಈ ಕಾಯಿಲೆ ಹುಟ್ಟಿ ಬೆಳೆಯುವುದೆಲ್ಲ ಹೊರರೋಗಿ ವಿಭಾಗದಲ್ಲೇ. ಹಾಗಾಗಿ ವೈದ್ಯರ ಒಂದು ಹಿಂಜರಿಕೆಯ ಪದಕ್ಕೆ ವಿಟಿಲಿಗೋ ಕೋಡ್ ತಪ್ಪಿ, ‘ವರ್ಣದ್ರವ್ಯದ ಅನಿರ್ದಿಷ್ಟ ತೊಂದರೆ’ ಎನ್ನುವ ಎಲ್81.9ರಂಥ ಕಸದ ಬುಟ್ಟಿಗೆ ಬೀಳುತ್ತದೆ.

ಈ ಕೆಲಸಕ್ಕೆ ಹೊಸಬರನ್ನು ತಯಾರು ಮಾಡುವುದು ನನ್ನ ಕಸುಬು. ಬಿ.ಎಸ್ಸಿ., ಬಿ.ಫಾರ್ಮ, ನರ್ಸಿಂಗ್ ಮುಗಿಸಿ ಹಾಸನ, ದಾವಣಗೆರೆ, ರಾಯಚೂರಿನಿಂದ ಬರುವ ಹುಡುಗ ಹುಡುಗಿಯರಿಗೆ ಚರ್ಮದ ಅಧ್ಯಾಯ ಬಂದಾಗ ಮೊದಲು ಬಿಡಿಸಬೇಕಾದದ್ದು ಅವರ ಆತ್ಮವಿಶ್ವಾಸವನ್ನು. ಚಾರ್ಟಿನ ಜೊತೆ ಫೋಟೋ ಇರುತ್ತದೆ. ಎರಡೂ ಮುಂಗೈ ಮೇಲೆ ಸುಣ್ಣ ಬಳಿದಂಥ ಬಿಳುಪು.

‘ಮೇಡಂ, ನೋಡಿದರೇ ಗೊತ್ತಾಗುತ್ತಲ್ಲ, ತೊನ್ನೇ ಇದು.’

‘ನಿನಗೆ ಗೊತ್ತಾದರೆ ಸಾಲದಮ್ಮ, ಡಾಕ್ಟರು ಬರೀಬೇಕು.’

ಕೋಡರ್ ರೋಗ ಪತ್ತೆ ಮಾಡುವಂತಿಲ್ಲ. ಪ್ರಯೋಗಾಲಯದ ವರದಿ ನೋಡಿ ಊಹಿಸುವಂತಿಲ್ಲ. ಅನುಮಾನ ಬಂದರೆ ವೈದ್ಯರಿಗೆ ಕ್ವೆರಿ ಕಳಿಸಬೇಕು, ಅದೂ ಉತ್ತರವನ್ನು ಬಾಯಿಗೆ ತುರುಕದ ಹಾಗೆ. ‘ವಿಟಿಲಿಗೋ ಎಂದು ಬರೆಯುವಿರಾ?’ ಎಂದು ಕೇಳಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ. ‘ನೀವು ವಿವರಿಸಿದ ಬಿಳಿ ಕಲೆಗೆ ಕಾರಣವಾದ ರೋಗನಿರ್ಣಯವನ್ನು ದಯವಿಟ್ಟು ಸ್ಪಷ್ಟಪಡಿಸಿ’ ಎನ್ನಬೇಕು. ಬರೆಯದೆ ಉಳಿದದ್ದು ನಡೆದೇ ಇಲ್ಲ ಎಂಬುದು ಈ ಕಸುಬಿನ ಮೂಲಮಂತ್ರ. ಶುರುವಿನಲ್ಲಿ ಇದು ಮೊಂಡು ಹಟದಂತೆ ಕಾಣುತ್ತದೆ. ಬಿಳಿಮಚ್ಚೆಯಂಥ ಕಾಯಿಲೆಯ ಚಾರ್ಟುಗಳನ್ನು ಓದುತ್ತ ಹೋದಂತೆ ಅದರಲ್ಲೊಂದು ನ್ಯಾಯವೂ ಕಾಣತೊಡಗುತ್ತದೆ.

ರೋಗಗಳಿಗೆ ಹೀಗೆ ಅಂಕಿ ಹಚ್ಚುವ ಪದ್ಧತಿಗೆ ನೂರಮೂವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಪ್ಯಾರಿಸ್‌ನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ಟಿಲನ್ ಸಿದ್ಧಪಡಿಸಿದ ಸಾವಿನ ಕಾರಣಗಳ ಪಟ್ಟಿಯನ್ನು 1893ರಲ್ಲಿ ಷಿಕಾಗೋದ ಸಭೆಯೊಂದು ಒಪ್ಪಿತು. 1948ರಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು, ಸಾವಿನ ಜೊತೆ ಕಾಯಿಲೆಗಳೂ ಸೇರಿಕೊಂಡವು. ಈಗ ಬಹುತೇಕ ಕಡೆ ಬಳಕೆಯಲ್ಲಿರುವುದು ಹತ್ತನೇ ಪರಿಷ್ಕರಣೆ, ಐಸಿಡಿ–10. ಅಮೆರಿಕ ಅದನ್ನು ತನ್ನ ಬಿಲ್ಲಿಂಗ್‌ಗೆ ಬೇಕಾದಂತೆ ಹಿಗ್ಗಿಸಿಕೊಂಡು 2015ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಆವತ್ತಿನವರೆಗೆ ವಿಟಿಲಿಗೋ 709.01 ಆಗಿತ್ತು, ಆಮೇಲೆ ಎಲ್80 ಆಯಿತು.

ಅಮೆರಿಕದ ಆವೃತ್ತಿಯ ವಿಸ್ತಾರ ಎಂಥದೆಂದರೆ ಯಾವ ಬೆರಳಿನ ಯಾವ ಗಿಣ್ಣು ಮುರಿಯಿತು, ಎಡವೋ ಬಲವೋ, ಮೊದಲ ಭೇಟಿಯೋ ಮರುಭೇಟಿಯೋ ಎಂಬುದಕ್ಕೆಲ್ಲ ಬೇರೆ ಬೇರೆ ಅಂಕಿ. ಏಳು ಅಕ್ಷರದ ಕೋಡುಗಳು ಅಲ್ಲಿ ಸಾಮಾನ್ಯ. ಅಂಥದ್ದರ ನಡುವೆ ಎಲ್80 ಬೋಳುಬೋಳಾಗಿ ನಿಂತಿದೆ. ಚುಕ್ಕಿಯಿಲ್ಲ, ಉಪವಿಭಾಗವಿಲ್ಲ. ಕೈ ಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳುಪಾದರೂ ಎಲ್80, ಮೈಯೆಲ್ಲ ಬೆಳ್ಳಗಾದರೂ ಎಲ್80. ಮೂರೇ ಅಕ್ಷರದ ಕೋಡ್ ಎಂದರೆ ಏನೋ ಬಾಕಿ ಉಳಿದಿದೆ ಎಂಬ ಗುಮಾನಿಯಿಂದ ಹೊಸಬರು ಕೊನೆಗೊಂದು ಸೊನ್ನೆ ಸೇರಿಸುತ್ತಾರೆ. ಎಲ್80.0 ಎಂಬ ಕೋಡ್ ಇಲ್ಲವೇ ಇಲ್ಲ. ಕ್ಲೇಮ್ ಹೋದ ದಾರಿಯಲ್ಲೇ ವಾಪಸ್.

ಒಂದು ತಮಾಷೆಯ ಅಪವಾದವಿದೆ. ಮಚ್ಚೆ ಕಣ್ಣಿನ ರೆಪ್ಪೆಯ ಮೇಲೋ ಕಣ್ಣಿನ ಸುತ್ತಲೋ ಇದ್ದರೆ ಅದು ಚರ್ಮದ ಅಧ್ಯಾಯ ಬಿಟ್ಟು ಕಣ್ಣಿನ ಅಧ್ಯಾಯಕ್ಕೆ ಜಿಗಿಯುತ್ತದೆ. ಬಲಗಣ್ಣಿನ ಮೇಲಿನ ರೆಪ್ಪೆ ಎಚ್02.731, ಕೆಳಗಿನದು ಎಚ್02.732. ಎಡಗಣ್ಣಿನ ಮೇಲಿನದು ಎಚ್02.734, ಕೆಳಗಿನದು ಎಚ್02.735. ಯಾವ ಕಣ್ಣು ಎಂದೇ ಬರೆಯದಿದ್ದರೆ ಎಚ್02.739. ಇಡೀ ಮೈಗೆ ಒಂದು ಕೋಡ್ ಕೊಟ್ಟವರು ನಾಲ್ಕು ರೆಪ್ಪೆಗೆ ನಾಲ್ಕು ಕೊಟ್ಟರು. ಕಣ್ಣಿನ ಡಾಕ್ಟರು ಬರೆದ ‘ಪೆರಿಆಕ್ಯುಲರ್ ವಿಟಿಲಿಗೋ’ ಎಂಬ ಒಂದು ಸಾಲು ಹಿಡಿದು ಯಾವ ಕಣ್ಣು, ಯಾವ ರೆಪ್ಪೆ ಎಂದು ಪುಟ ತಿರುವುತ್ತ ಕೂರುವುದು ನಮ್ಮ ಪಾಡು.

ಇನ್ನೊಂದು ಗುಂಡಿ ನಮ್ಮವರೇ ತೋಡಿದ್ದು. ನಮ್ಮ ವೈದ್ಯರಲ್ಲಿ ಎಷ್ಟೋ ಮಂದಿ ಇವತ್ತಿಗೂ ವಿಟಿಲಿಗೋ ಎಂಬಲ್ಲಿ ‘ಲ್ಯುಕೋಡರ್ಮಾ’ ಎಂದೇ ಬರೆಯುತ್ತಾರೆ. ಕೋಡ್ ಪುಸ್ತಕದ ಸೂಚಿಯಲ್ಲಿ ಅದು ಬೇರೆ ಮನೆ: ಎಲ್81.5. ರಾಸಾಯನಿಕ ತಗುಲಿಯೋ, ಸುಟ್ಟ ಗಾಯ ಮಾಗಿಯೋ, ಬೇರೆ ಏನೋ ಕಾರಣಕ್ಕೆ ಚರ್ಮ ಬಿಳುಪಾದರೆ ಅಲ್ಲಿಗೆ ಹೋಗಬೇಕು. ಹಣೆಗೆ ಅಂಟಿಸುವ ಸ್ಟಿಕರ್ ಬಿಂದಿಯ ಅಂಟಿನಲ್ಲಿರುವ ಪ್ಯಾರಾ ಟರ್ಷರಿ ಬ್ಯುಟೈಲ್ ಫಿನಾಲ್ ಬಣ್ಣ ತಯಾರಿಸುವ ಕೋಶಗಳನ್ನು ಕೊಲ್ಲುತ್ತದೆ. ಬಿಂದಿ ತೆಗೆದರೂ ಹಣೆಯಲ್ಲಿ ಅದೇ ಆಕಾರದ ಬಿಳಿ ಬೊಟ್ಟು ಉಳಿಯುತ್ತದೆ. ರಬ್ಬರ್ ಚಪ್ಪಲಿಯ ಪಟ್ಟಿ ತಾಕುವ ಕಡೆ ಪಾದದ ಮೇಲೆ ಇಂಗ್ಲಿಷಿನ ವಿ ಅಕ್ಷರದಂತೆ ಬಿಳುಪು ಮೂಡುವುದೂ ಇಂಥದ್ದೇ. 1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕಾರ್ಮಿಕರ ಕೈ ಬಿಳಿಚಿಕೊಂಡಾಗ ಹುಡುಕಿದರೆ, ಕಾರಣ ಅವರು ತೊಟ್ಟ ರಬ್ಬರ್ ಗ್ಲೌಸಿನಲ್ಲಿತ್ತು. ಗ್ಲೌಸಿನಲ್ಲಿದ್ದ ಆ ರಾಸಾಯನಿಕವೇ ಮುಂದೆ ಔಷಧಿಯಾಗಿ, ಮೈಯಲ್ಲಿ ಬಹುಪಾಲು ಬಣ್ಣ ಹೋದವರಿಗೆ ಉಳಿದ ಕಂದು ತೇಪೆಗಳನ್ನೂ ಅಳಿಸಿ ಒಂದೇ ಬಣ್ಣ ಮಾಡಲು ಬಳಕೆಗೆ ಬಂತು. ಬಿಂದಿಯ ಬಿಳುಪಿಗೂ ವಿಟಿಲಿಗೋಗೂ ಕಣ್ಣಿಗೆ ವ್ಯತ್ಯಾಸ ಕಾಣದೆ ಇರಬಹುದು. ಬಿಂದಿ ಹಚ್ಚುತ್ತೀರಾ ಎಂದು ಕೇಳಿದ ಒಂದು ಪ್ರಶ್ನೆ, ಅದಕ್ಕೆ ಬಂದ ಉತ್ತರ ಚಾರ್ಟಿನಲ್ಲಿ ಇದ್ದರೆ ಮಾತ್ರ ಕೋಡ್ ಸರಿಯಾದ ಮನೆ ಸೇರುತ್ತದೆ.

ಹಾಗಾದರೆ ವೈದ್ಯರು ಖಚಿತವಾಗಿ ಹೇಳುವುದು ಹೇಗೆ? ರಕ್ತ ಪರೀಕ್ಷೆಯಿಂದ ಅಲ್ಲ. ವಿಟಿಲಿಗೋ ಇದೆ ಎಂದು ತೋರಿಸುವ ರಕ್ತ ಪರೀಕ್ಷೆ ಇಲ್ಲ. ದೇಹದ ರಕ್ಷಣಾ ಪಡೆಯ ಟಿ ಕೋಶಗಳು ಚರ್ಮದ ಮೆಲನೋಸೈಟ್‌ಗಳನ್ನೇ ಶತ್ರುವೆಂದು ಬಗೆದು ಕೊಲ್ಲುವ ಕಾಯಿಲೆ ಇದು. ಜೊತೆಗೆ ಥೈರಾಯ್ಡ್ ತೊಂದರೆ ಇರುವುದು ಹೆಚ್ಚು, ಅದಕ್ಕಾಗಿ ಟಿಎಸ್‌ಎಚ್ ಮಾಡಿಸುತ್ತಾರೆ. ಬಿಳಿಮಚ್ಚೆಯನ್ನು ಪತ್ತೆ ಮಾಡಲು ಅಲ್ಲ. ಬಯಾಪ್ಸಿ ಬೇಕಾಗುವುದು ಅಪರೂಪ. ಬಹುಪಾಲು ನಿರ್ಣಯ ಕಣ್ಣಿನದು, ಕೈಯದು, ಮತ್ತೊಂದು ದೀಪದ್ದು.

ಆ ದೀಪದ ಹೆಸರು ವುಡ್ಸ್ ಲ್ಯಾಂಪ್. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್ 1903ರಲ್ಲಿ ರೂಪಿಸಿದ ನಿಕಲ್ ಆಕ್ಸೈಡ್ ಗಾಜಿನ ಫಿಲ್ಟರ್ ಅದರ ಜೀವಾಳ. ಸುಮಾರು 365 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕನ್ನು ಮಾತ್ರ ಅದು ಹೊರಬಿಡುತ್ತದೆ. ಕೋಣೆಯ ಕಿಟಕಿ ಮುಚ್ಚಿ, ಲೈಟು ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದು, ದೀಪವನ್ನು ಚರ್ಮದಿಂದ ಗೇಣುದ್ದ ಮೇಲೆ ಹಿಡಿಯಬೇಕು. ಮೆಲನಿನ್ ಇರುವ ಚರ್ಮ ಆ ಬೆಳಕನ್ನು ಹೀರಿಕೊಂಡು ಕಪ್ಪಗೆ ಉಳಿಯುತ್ತದೆ. ಮೆಲನಿನ್ ಪೂರ್ತಿ ಇಲ್ಲದ ಕಡೆ ನೀಲಿ ಮಿಶ್ರಿತ ಬಿಳುಪು ಫಳಕ್ಕನೆ ಎದ್ದು ಬರುತ್ತದೆ, ಅಂಚು ಗೆರೆ ಕೊರೆದಂತೆ. ಹಗಲು ಬೆಳಕಿನಲ್ಲಿ ಒಂದೇ ಮಚ್ಚೆ ಕಂಡವರ ಮೈಯಲ್ಲಿ ಇನ್ನೂ ಹುಟ್ಟುತ್ತಿರುವ ನಾಲ್ಕಾರು ಮಚ್ಚೆಗಳು ಹೀಗೆ ಹೊರಬೀಳುವುದುಂಟು. ಗೋಧಿ ಬಣ್ಣಕ್ಕಿಂತಲೂ ಬಿಳುಪಾದ ಚರ್ಮದವರಲ್ಲಂತೂ ಈ ದೀಪವಿಲ್ಲದೆ ಮಚ್ಚೆಯ ಅಂಚೇ ಸಿಗುವುದಿಲ್ಲ. ಆದರೆ ಬೆಳಿಗ್ಗೆ ಹಚ್ಚಿಕೊಂಡ ಮುಲಾಮು, ಬಟ್ಟೆಯ ಎಳೆ, ಸೋಪಿನ ಅಂಶ ಕೂಡ ಈ ಬೆಳಕಿನಲ್ಲಿ ಹೊಳೆಯುತ್ತವೆ. ಆದ್ದರಿಂದ ಪರೀಕ್ಷೆಗೆ ಮುಂಚೆ ಜಾಗವನ್ನು ಸ್ವಚ್ಛ ಮಾಡಬೇಕು. ಒಳ್ಳೆಯ ಟಿಪ್ಪಣಿಯಲ್ಲಿ ‘ವುಡ್ಸ್ ಲ್ಯಾಂಪ್ ಅಡಿ ಸುಣ್ಣದಂಥ ಬಿಳುಪು, ಅಂಚು ಸ್ಪಷ್ಟ’ ಎಂಬ ಸಾಲು ಇರುತ್ತದೆ. ಆ ಒಂದು ಸಾಲಿದ್ದರೆ ‘ಹೊಂದುತ್ತದೆ’ ಎಂಬ ಜಾರಿಕೆಯ ಪದ ಬೇಕಾಗುವುದೇ ಇಲ್ಲ.

ಬಣ್ಣ ಮಸುಕಾಗುವುದಕ್ಕೂ ಪೂರ್ತಿ ಹೋಗುವುದಕ್ಕೂ ಇರುವ ಅಂತರದಲ್ಲೇ ಅರ್ಧ ರೋಗನಿರ್ಣಯ ಅಡಗಿದೆ. ಬೆನ್ನು, ಎದೆ, ಕುತ್ತಿಗೆಯ ಮೇಲೆ ಬೆವರಿಗೆ ಏಳುವ ಸಿಬ್ಬು ಮಸುಕು ಮಾತ್ರ. ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಉದುರುತ್ತದೆ. ಅದು ಶಿಲೀಂಧ್ರದ ಕೆಲಸ, ಕೋಡ್ ಬಿ36.0. ಶಾಲೆಗೆ ಹೋಗುವ ಮಕ್ಕಳ ಕೆನ್ನೆಯಲ್ಲಿ ಕಾಣುವ ಪೇಲವ ಕಲೆಗೆ ಮನೆಯವರು ಜಂತುಹುಳು ಎಂದು ಮಾತ್ರೆ ನುಂಗಿಸುತ್ತಾರೆ. ಅದು ಹೆಚ್ಚಾಗಿ ಪಿಟಿರಿಯಾಸಿಸ್ ಆಲ್ಬಾ, ಎಲ್30.5, ಒಣಚರ್ಮಕ್ಕೆ ಎಣ್ಣೆಯಂಶ ಕೊಟ್ಟು ಕಾದರೆ ತಾನಾಗಿ ಹೋಗುತ್ತದೆ. ಕುಷ್ಠದ ಮಚ್ಚೆಯೂ ಮಸುಕೇ, ಆದರೆ ಅಲ್ಲಿ ಸ್ಪರ್ಶ ಸತ್ತಿರುತ್ತದೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿದರೆ ರೋಗಿಗೆ ಗೊತ್ತಾಗುವುದಿಲ್ಲ, ಮಚ್ಚೆಯ ಮೇಲೆ ಬೆವರೂ ಬರುವುದಿಲ್ಲ. ಅದರ ಕೋಡ್ ಎ30. ವಿಟಿಲಿಗೋದಲ್ಲಿ ಸ್ಪರ್ಶ, ಬೆವರು, ಬಿಸಿ, ತಂಪು ಎಲ್ಲವೂ ಸರಿಯಾಗಿರುತ್ತವೆ; ಬಣ್ಣವೊಂದೇ ಇರುವುದಿಲ್ಲ. ಕೆಲವೊಮ್ಮೆ ಆ ಜಾಗದ ಕೂದಲೂ ಬೆಳ್ಳಗಾಗಿರುತ್ತದೆ. ಹಾಗಾದ ಕಡೆ ಬಣ್ಣ ವಾಪಸ್ ಬರುವುದು ಕಷ್ಟ, ಏಕೆಂದರೆ ಹೊಸ ಬಣ್ಣದ ಕೋಶಗಳು ಬರಬೇಕಾದದ್ದು ಕೂದಲಿನ ಬುಡದಿಂದಲೇ.

ಉಜ್ಜಿದ ಕಡೆ, ಗಾಯವಾದ ಕಡೆ ಹೊಸ ಮಚ್ಚೆ ಏಳುವುದನ್ನು ಕೋಬ್ನರ್ ಲಕ್ಷಣ ಎನ್ನುತ್ತಾರೆ. ಇದನ್ನು ಕಾಣಲು ಪುಸ್ತಕ ಬೇಡ. ಲಂಗದ ಲಾಡಿ ಬಿಗಿಯುವ ಸೊಂಟದ ಸುತ್ತ, ವಾಚಿನ ಪಟ್ಟಿಯ ಕೆಳಗೆ, ಬಟ್ಟೆ ಒಗೆಯುವ ಕಲ್ಲಿಗೆ ಊರಿ ಊರಿ ದಡ್ಡುಗಟ್ಟಿದ ಮೊಣಕಾಲಿನ ಮೇಲೆ ಸಿಗುತ್ತದೆ. ಕಾನ್ಫೆಟ್ಟಿಯಂತೆ ಚಿಕ್ಕ ಚಿಕ್ಕ ಬಿಳಿ ಚುಕ್ಕಿಗಳು ಗುಂಪಾಗಿ ಕಂಡರೆ, ಅಥವಾ ಮಚ್ಚೆಗೂ ಚರ್ಮಕ್ಕೂ ನಡುವೆ ಮೂರನೆಯದೊಂದು ಮಧ್ಯಮ ಬಣ್ಣ ಕಂಡರೆ ಕಾಯಿಲೆ ಚುರುಕಾಗಿದೆ ಎಂದು ಅರ್ಥ. ಇವೆಲ್ಲ ವೈದ್ಯರ ಕಣ್ಣಿಗೆ ಬಿದ್ದೇ ಇರುತ್ತವೆ. ಚಾರ್ಟಿನವರೆಗೆ ಬರುವುದು ಕಡಿಮೆ.

ಕೋಡ್ ಎಷ್ಟು ಬಡವೋ ಟಿಪ್ಪಣಿ ಅಷ್ಟು ಶ್ರೀಮಂತವಾಗಿರಬೇಕು ಎಂದು ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುವುದಕ್ಕೆ ಒಂದು ಗಟ್ಟಿ ಕಾರಣವಿದೆ. 2011ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಸೇರಿದ ತಜ್ಞರು ವಿಟಿಲಿಗೋವನ್ನು ಮುಖ್ಯವಾಗಿ ಎರಡಾಗಿ ವಿಂಗಡಿಸಿ ಒಮ್ಮತಕ್ಕೆ ಬಂದರು. ಮೈಯ ಎರಡೂ ಬದಿ, ಹೆಚ್ಚುಕಡಿಮೆ ಸಮನಾಗಿ ಹರಡುವುದು ನಾನ್‌ಸೆಗ್ಮೆಂಟಲ್. ಒಂದೇ ಬದಿಗೆ ಪಟ್ಟಿಯಂತೆ ಬಂದು, ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗಿ, ಕೆಲವು ತಿಂಗಳು ವೇಗವಾಗಿ ಹಬ್ಬಿ ಆಮೇಲೆ ನಿಂತುಬಿಡುವುದು ಸೆಗ್ಮೆಂಟಲ್. ಎರಡರ ನಡೆಯೂ ಬೇರೆ, ಮದ್ದಿಗೆ ಬಗ್ಗುವ ರೀತಿಯೂ ಬೇರೆ. ಎಲ್80ಕ್ಕೆ ಈ ಭೇದ ಗೊತ್ತೇ ಇಲ್ಲ.

ಗೊತ್ತಿಲ್ಲದಿದ್ದರೂ ದಶಕದ ಹಿಂದೆ ನಡೆಯುತ್ತಿತ್ತು. ಈಗ ನಡೆಯುವುದಿಲ್ಲ. 2022ರ ಜುಲೈನಲ್ಲಿ ಅಮೆರಿಕದ ಎಫ್‌ಡಿಎ ರುಕ್ಸೋಲಿಟಿನಿಬ್ ಮುಲಾಮಿಗೆ ಒಪ್ಪಿಗೆ ಕೊಟ್ಟಿತು. ಬಣ್ಣ ಮರಳಿಸಲೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಮನೆಬಳಕೆಯ ಔಷಧಿ ಅದು. ಟಿ ಕೋಶಗಳು ಗಾಮಾ ಇಂಟರ್‌ಫೆರಾನ್ ಮೂಲಕ ಕೊಡುವ ದಾಳಿಯ ಸಂದೇಶವನ್ನು ಕೋಶದೊಳಗೆ ತಡೆಯುತ್ತದೆ. ಆದರೆ ಒಪ್ಪಿಗೆಗೆ ಷರತ್ತುಗಳಿವೆ: 12 ವರ್ಷ ತುಂಬಿರಬೇಕು, ಕಾಯಿಲೆ ನಾನ್‌ಸೆಗ್ಮೆಂಟಲ್ ಆಗಿರಬೇಕು, ಹಚ್ಚುವ ಜಾಗ ಮೈಯ ಒಟ್ಟು ಚರ್ಮದ ನೂರಕ್ಕೆ 10 ಮೀರಬಾರದು. ಟ್ಯೂಬಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ವಿಮಾ ಕಂಪನಿ ಮುಂಗಡ ಅನುಮತಿಯಿಲ್ಲದೆ ಕಾಸು ಬಿಚ್ಚುವುದಿಲ್ಲ. ಕ್ಲೇಮಿನಲ್ಲಿ ಎಲ್80 ಇದೆ, ಸರಿ. ಯಾವ ಬಗೆಯದು? ಎಷ್ಟು ಜಾಗ? ಈ ಮೊದಲು ಏನು ಹಚ್ಚಿದ್ದರು, ಎಷ್ಟು ಕಾಲ, ಫಲವೇನು? ಕೋಡ್ ಇದಕ್ಕೆಲ್ಲ ಬಾಯಿಬಿಡುವುದಿಲ್ಲ. ಉತ್ತರ ಟಿಪ್ಪಣಿಯಲ್ಲಿ ಇರಬೇಕು.

ಎರಡು ಟಿಪ್ಪಣಿಗಳನ್ನು ತರಗತಿಯಲ್ಲಿ ಪಕ್ಕಪಕ್ಕ ಇಡುತ್ತೇನೆ. ಎರಡೂ ಪಾಠಕ್ಕೆಂದು ನಾನೇ ಬರೆದುಕೊಂಡವು. ಮೊದಲನೆಯದು: ‘ಕೈ ಮತ್ತು ಮುಖದ ಮೇಲೆ ಬಿಳಿ ಮಚ್ಚೆ. ವಿಟಿಲಿಗೋಗೆ ಹೊಂದುತ್ತದೆ. ಮುಲಾಮು ಮುಂದುವರಿಸಿ.’ ಎರಡನೆಯದು: ‘ವಿಟಿಲಿಗೋ, ನಾನ್‌ಸೆಗ್ಮೆಂಟಲ್. ಎರಡೂ ಮುಂಗೈ, ತುಟಿಯ ಅಂಚು, ಎರಡೂ ಮೊಣಕಾಲು. ಒಟ್ಟು ಸುಮಾರು ನೂರಕ್ಕೆ 4. ವುಡ್ಸ್ ಲ್ಯಾಂಪ್ ಅಡಿ ಸುಣ್ಣದ ಬಿಳುಪು. ಸ್ಪರ್ಶ ಸರಿಯಿದೆ. ಕಳೆದ ಮೂರು ತಿಂಗಳಲ್ಲಿ ಹೊಸದಾಗಿ ಎಡಗೈಯಲ್ಲಿ ಒಂದು, ಕಾನ್ಫೆಟ್ಟಿ ಚುಕ್ಕಿಗಳಿವೆ. ಟ್ಯಾಕ್ರೊಲಿಮಸ್ ಆರು ತಿಂಗಳು ಹಚ್ಚಿದರೂ ಕೈಯಲ್ಲಿ ಬದಲಾವಣೆ ಇಲ್ಲ, ಮುಖದಲ್ಲಿ ಅಲ್ಪ. ಫೋಟೋ ತೆಗೆಯಲಾಗಿದೆ.’ ಎರಡನೆಯದನ್ನು ಬರೆಯಲು ಹೆಚ್ಚೆಂದರೆ ಎರಡು ನಿಮಿಷ ಹಿಡಿಯುತ್ತದೆ. ಮೊದಲನೆಯದಕ್ಕೆ ಎಲ್80 ಕೂಡ ದಕ್ಕುವುದಿಲ್ಲ.

ನೂರಕ್ಕೆ ನಾಲ್ಕು ಎಂದು ಅಳೆದದ್ದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಟೇಪು ಬೇಡ, ರೋಗಿಯದೇ ಕೈ ಸಾಕು. ಬೆರಳೂ ಸೇರಿದ ಒಂದು ಅಂಗೈಯ ಅಗಲ ಆ ವ್ಯಕ್ತಿಯ ಚರ್ಮದ ಸುಮಾರು ನೂರಕ್ಕೆ ಒಂದು. ಮಚ್ಚೆಗಳನ್ನೆಲ್ಲ ಕೂಡಿಸಿದರೆ ಎಷ್ಟು ಅಂಗೈ ತುಂಬುತ್ತದೆ ಎಂದು ಲೆಕ್ಕ ಹಾಕಿ, ಪ್ರತಿಯೊಂದರಲ್ಲೂ ಬಣ್ಣ ಎಷ್ಟು ಪಾಲು ಹೋಗಿದೆ ಎಂಬುದರಿಂದ ಗುಣಿಸಿದರೆ ವಾಸಿ ಎಂಬ ಅಂಕ ಸಿಗುತ್ತದೆ. 2004ರಿಂದ ಬಳಕೆಯಲ್ಲಿರುವ ವಿಧಾನ. ಕಾಯಿಲೆ ವಾಸಿಯಾಗುತ್ತಿದೆಯೇ ಎಂದು ಅಳೆಯುವ ಅಂಕಕ್ಕೆ ಕನ್ನಡದ ಕಿವಿಗೆ ಹಿತವಾದ ಹೆಸರು ಆಕಸ್ಮಿಕವಾಗಿ ಒದಗಿದೆ, ಇರಲಿ.

ಚಿಕಿತ್ಸೆಯ ಕೋಡುಗಳದು ಬೇರೆ ಪುಸ್ತಕ, ಬೇರೆ ರಗಳೆ. ಬೆಳಕಿನ ಚಿಕಿತ್ಸೆಯ ಬೂತಿನಲ್ಲಿ ನಿಲ್ಲಿಸಿ ಅತಿನೇರಳೆ ಬಿ ಕಿರಣ ಕೊಟ್ಟರೆ ಎರಡು ಕೋಡುಗಳಲ್ಲಿ ಒಂದು ಬರುತ್ತದೆ. ಮೊದಲು ಚರ್ಮಕ್ಕೆ ಪೆಟ್ರೋಲೇಟಂ ಹಚ್ಚಿದ್ದರೆ 96910. ಹಚ್ಚದೆ ಬರೀ ಕಿರಣ ಕೊಟ್ಟಿದ್ದರೆ 96900, ದುಡ್ಡು ಕಡಿಮೆ. ನರ್ಸ್ ಹಚ್ಚಿಯೇ ಇರುತ್ತಾಳೆ, ಬರೆಯಲು ಮರೆತಿರುತ್ತಾಳೆ. ಆಡಿಟರ್ ಕೇಳುವುದು ಹಚ್ಚಿದ್ದನ್ನಲ್ಲ, ಬರೆದದ್ದನ್ನು. ಎಕ್ಸೈಮರ್ ಲೇಸರ್ ವಿಷಯ ಇನ್ನೂ ಬೇಸರದ್ದು. ಅದರ ಮೂರು ಕೋಡುಗಳು, 96920ರಿಂದ 96922, ಸೋರಿಯಾಸಿಸ್‌ಗೆಂದು ಬರೆದಿಟ್ಟವು. ಅದೇ ಯಂತ್ರ, ಅದೇ ಕಿರಣ, ವಿಟಿಲಿಗೋ ಮೇಲೂ ಕೆಲಸ ಮಾಡುತ್ತದೆ. ಆದರೆ ಎಲ್80 ಜೊತೆ ಆ ಕೋಡ್ ಕಳಿಸಿದರೆ ಎಷ್ಟೋ ಸಲ ನಿರಾಕರಣೆ ಕಟ್ಟಿಟ್ಟ ಬುತ್ತಿ. ನಿರಾಕರಣೆಯ ಪತ್ರದಲ್ಲಿ ‘ಸೌಂದರ್ಯ ಚಿಕಿತ್ಸೆ’ ಎಂಬ ಪದ ಎಷ್ಟು ಸಲೀಸಾಗಿ ಬರುತ್ತದೆಂದರೆ, ಬರೆದವರು ಬಿಳಿಮಚ್ಚೆಯಿದ್ದ ಒಬ್ಬರನ್ನೂ ನೋಡಿರಲಿಕ್ಕಿಲ್ಲ ಎನಿಸುತ್ತದೆ. ಸ್ವಂತ ರಕ್ಷಣಾ ವ್ಯವಸ್ಥೆಯೇ ಸ್ವಂತ ಕೋಶವನ್ನು ಕೊಲ್ಲುವುದು ಮೂಳೆಯ ಕೀಲಿನಲ್ಲಿ ನಡೆದರೆ ಕಾಯಿಲೆ, ಚರ್ಮದಲ್ಲಿ ನಡೆದರೆ ಅಲಂಕಾರದ ಸಮಸ್ಯೆ.

ದಾಖಲೆ ಎಂಬುದು ಯಾವ ಕೆಲಸಕ್ಕೆ ಬರುತ್ತದೆ ಎನ್ನುವವರಿಗೆ ಮೈಕೆಲ್ ಜಾಕ್ಸನ್ ನೆನಪಿಸುತ್ತೇನೆ. 1993ರ ಫೆಬ್ರವರಿಯಲ್ಲಿ ಓಪ್ರಾ ವಿನ್‌ಫ್ರೆ ಎದುರು ಕೂತು, ತನ್ನ ಚರ್ಮದ ಬಣ್ಣ ಹೋಗುತ್ತಿರುವುದು ಒಂದು ಕಾಯಿಲೆಯಿಂದ ಎಂದು ಆತ ಹೇಳಿದಾಗ ಬಹಳ ಮಂದಿ ನಂಬಲಿಲ್ಲ. ಬಿಳಿಯನಾಗುವ ಚಟ ಎಂದೇ ಆಡಿಕೊಂಡರು. 2009ರ ಜೂನ್ 25ರಂದು ತೀರಿಕೊಂಡ ಮೇಲೆ ಲಾಸ್ ಏಂಜಲೀಸ್ ಕೌಂಟಿಯ ಶವಪರೀಕ್ಷಾ ವರದಿಯಲ್ಲಿ ವಿಟಿಲಿಗೋ ಎಂದು ಬರೆದಿತ್ತು. ಬಾಯಿಮಾತಿಗೆ ಸಿಗದ ನಂಬಿಕೆ ಸರ್ಕಾರಿ ವೈದ್ಯರ ಒಂದು ಪದಕ್ಕೆ ಸಿಕ್ಕಿತು. ಆ ಜೂನ್ 25ನ್ನೇ ಈಗ ವಿಶ್ವ ವಿಟಿಲಿಗೋ ದಿನವಾಗಿ ಆಚರಿಸುತ್ತಾರೆ.

ಜಗತ್ತಿನಲ್ಲಿ ನೂರಕ್ಕೆ ಅರ್ಧದಿಂದ ಎರಡರಷ್ಟು ಜನಕ್ಕೆ ಈ ಕಾಯಿಲೆ ಇದೆ ಎಂಬ ಅಂದಾಜಿದೆ. ಅರ್ಧದಷ್ಟು ಮಂದಿಗೆ ಇಪ್ಪತ್ತು ತುಂಬುವ ಮುನ್ನವೇ ಶುರುವಾಗುತ್ತದೆ, ಅಂದರೆ ನಮ್ಮ ಕಡೆ ಮದುವೆಯ ಮಾತು ಹತ್ತುವ ಮುನ್ನ. ಮೀನು ತಿಂದು ಮೊಸರುಂಡದ್ದಕ್ಕೆ ಬಂತು ಎನ್ನುವವರಿದ್ದಾರೆ, ನಾಗದೋಷ ಎನ್ನುವವರಿದ್ದಾರೆ. ಕುಕ್ಕೆ ಸುಬ್ರಹ್ಮಣ್ಯದ ಮೃತ್ತಿಕೆ ಹಚ್ಚಿ, ನಾಟಿ ವೈದ್ಯರ ಬಾವಂಚಿ ಬೀಜದ ಲೇಪ ಹಾಕಿ ಬಿಸಿಲಿಗೆ ಕೂತು ಬೊಬ್ಬೆ ಎದ್ದ ಮೇಲೆ ಆಸ್ಪತ್ರೆಯ ದಾರಿ ಹಿಡಿಯುವವರು ಇವತ್ತಿಗೂ ಇದ್ದಾರೆ. ಬಾವಂಚಿಯಲ್ಲಿ ಸೋರಲೆನ್ ಇದೆ, ಪೂವಾ ಎಂಬ ಬೆಳಕಿನ ಚಿಕಿತ್ಸೆಯಲ್ಲಿ ಬಳಸುವ ಔಷಧಿಯ ಬಳಗದ್ದೇ. ಪ್ರಮಾಣ ತಪ್ಪಿದರೆ ಸುಡುತ್ತದೆ. ಯಾವ ಲೇಪ, ಎಷ್ಟು ದಿನ ಎಂದು ಬೈಯದೆ ಕೇಳಿ ಬರೆದುಕೊಳ್ಳುವ ವೈದ್ಯರು ನಮ್ಮಲ್ಲಿ ಇದ್ದಾರೆ, ಸಾಲದಷ್ಟು ಸಂಖ್ಯೆಯಲ್ಲಿ.

ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಚರ್ಮರೋಗ ತಜ್ಞೆಯಾದ ಗೆಳತಿ ಹೇಳಿದ ಮಾತುಕತೆ ಇದು. ಮಗಳನ್ನು ಕರೆತಂದ ತಾಯಿ, ಪರೀಕ್ಷೆ ಮುಗಿದು ಪೆನ್ನು ಎತ್ತುತ್ತಿದ್ದಂತೆ ಕೈ ಅಡ್ಡ ಇಟ್ಟಳಂತೆ.

‘ಡಾಕ್ಟ್ರೇ, ಹೆಸರು ಮಾತ್ರ ಬರೀಬೇಡಿ. ಇವಳಿಗಿನ್ನೂ ಮದುವೆ ಆಗಬೇಕು.’

‘ಬರೀದೆ ಔಷಧಿ ಹೇಗೆ ಕೊಡ್ಲಮ್ಮ?’

‘ಔಷಧಿ ಹೆಸರು ಬರೀರಿ. ಕಾಯಿಲೆ ಹೆಸರು ಬೇಡ.’

ಇಂಥ ಸಂದರ್ಭಕ್ಕೆಂದೇ ವೈದ್ಯರಲ್ಲಿ ಒಂದು ಸಿದ್ಧ ಪದವಿದೆ: ಹೈಪೋಪಿಗ್ಮೆಂಟೆಡ್ ಪ್ಯಾಚ್. ಮಸುಕು ಬಣ್ಣದ ಮಚ್ಚೆ. ಯಾರಿಗೂ ನೋವಾಗದ ಪದ ಎಂದುಕೊಂಡು ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಇನ್ನೊಂದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿನವರ ತಲೆಯಲ್ಲಿ ಮೊದಲು ಮಿಂಚುವುದು ಯಾವುದು? ಮಸುಕು ಮಚ್ಚೆ ಕಂಡರೆ ಸ್ಪರ್ಶ ನೋಡಿ ಎಂದು ಅವರಿಗೆ ವರ್ಷಗಟ್ಟಲೆ ತರಬೇತಿ ಕೊಟ್ಟಿರುವುದು ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮ. ತೊನ್ನಿನ ಹೆಸರಿಗೆ ಹೆದರಿದ ಮನೆಯ ಹುಡುಗಿಯನ್ನು ಪರದೆಯ ಹಿಂದೆ ಕೂರಿಸಿ ಕುಷ್ಠದ ಪರೀಕ್ಷೆ ಮಾಡುತ್ತಾರೆ. ಮೊದಲ ಚೀಟಿಯಲ್ಲಿ ‘ವಿಟಿಲಿಗೋ, ಸ್ಪರ್ಶ ಸರಿಯಿದೆ’ ಎಂದು ಬರೆದಿದ್ದರೆ ಅದು ಬೇಕೇ ಇರಲಿಲ್ಲ.

ತಾಯಿಯ ಭಯವನ್ನು ಮೌಢ್ಯ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಂಬಂಧ ಕೂಡಿಸುವವರು ಔಷಧಿ ಅಂಗಡಿಯಲ್ಲಿ ವಿಚಾರಿಸುವ ಊರುಗಳು ಇವೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಶುರುವಾದ ಮೇಲೆ ಚೀಟಿ ಕಾಗದದಿಂದ ಮೊಬೈಲಿಗೆ ಜಾರುತ್ತಿದೆ. ರೋಗಿಯ ಒಪ್ಪಿಗೆಯಿಲ್ಲದೆ ದಾಖಲೆ ಹಂಚುವಂತಿಲ್ಲ ಎಂಬ ವ್ಯವಸ್ಥೆ ಅದರಲ್ಲಿದೆ, 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಆಗಿದೆ. ಆದರೆ ಒಪ್ಪಿಗೆಯ ಗುಂಡಿ ಒತ್ತುವ ಮೊಬೈಲ್ ಅಪ್ಪನ ಜೇಬಿನಲ್ಲಿದ್ದರೆ? ಇದನ್ನು ಕಾಯ್ದೆ ಬರೆದವರು ಯೋಚಿಸಿದಂತಿಲ್ಲ. ದಾಖಲೆ ಯಾರ ಕೈಗೆ ಸಿಗಬೇಕು ಎಂದು ಬಿಗಿ ಮಾಡುವುದು ಒಂದು ಕೆಲಸ. ದಾಖಲೆಯನ್ನೇ ಸುಳ್ಳು ಮಾಡುವುದು ಇನ್ನೊಂದು. ನಾವು ಸುಲಭದ್ದನ್ನು ಆರಿಸಿಕೊಂಡಿದ್ದೇವೆ.

ಬರೆಯದೆ ಹೋದರೆ ಎಣಿಕೆಗೂ ಸಿಗುವುದಿಲ್ಲ. ಕುಷ್ಠದ ಪ್ರತಿ ಹೊಸ ಪ್ರಕರಣ ತಾಲ್ಲೂಕಿನಿಂದ ದೆಹಲಿಯವರೆಗೆ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ತಕ್ಕಂತೆ ಔಷಧಿ, ಸಿಬ್ಬಂದಿ, ಹಣ ಬರುತ್ತದೆ. ಬಿಳಿಮಚ್ಚೆಯವರು ಎಷ್ಟಿದ್ದಾರೆ ಎಂದು ಯಾವ ಜಿಲ್ಲೆಯಲ್ಲಿ ಕೇಳಿದರೂ ಸಿಗುವುದು ಅಲ್ಲಿನ ಆಸ್ಪತ್ರೆಯ ಚರ್ಮ ವಿಭಾಗದ ಅಂದಾಜು. ಹಾಗಿರುವಾಗ ಬೆಳಕಿನ ಚಿಕಿತ್ಸೆಯ ಬೂತು ಯಾವ ಊರಿಗೆ ಬೇಕು ಎಂದು ಯಾವ ಆಧಾರದ ಮೇಲೆ ತೀರ್ಮಾನಿಸುವುದು? ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆ ಅದು. ಬಸ್ಸಿನ ದುಡ್ಡಿಗೆ, ಕೂಲಿ ತಪ್ಪುವುದಕ್ಕೆ ಹೆದರಿ ನಡುವೆಯೇ ಬಿಟ್ಟವರು ಯಾವ ಲೆಕ್ಕದಲ್ಲೂ ಇಲ್ಲ. ಖಿನ್ನತೆಯ ಮಾತಂತೂ ಆಡುವುದೇ ಬೇಡ. ಚರ್ಮದ ಕಾಯಿಲೆ ಬದುಕನ್ನು ಎಷ್ಟು ಹಿಂಡಿದೆ ಎಂದು ಹತ್ತು ಪ್ರಶ್ನೆಗಳಲ್ಲಿ ಅಳೆಯುವ ಡಿಎಲ್‌ಕ್ಯೂಐ ಎಂಬ ಸರಳ ನಮೂನೆ 1994ರಿಂದ ಇದೆ. ಕಾಯುವ ಬೆಂಚಿನ ಮೇಲೆ ಕೂತು ತುಂಬಬಹುದಾದದ್ದು.

ಹನ್ನೊಂದನೇ ಪರಿಷ್ಕರಣೆ 2022ರಿಂದ ಜಾರಿಯಲ್ಲಿದೆ, ವಿಟಿಲಿಗೋ ಅಲ್ಲಿ ಇಡಿ63.0 ಆಗಿದೆ. ಆಯುರ್ವೇದ, ಸಿದ್ಧ, ಯುನಾನಿಯ ರೋಗಹೆಸರುಗಳಿಗೂ 2024ರ ಜನವರಿಯಲ್ಲಿ ಅದರೊಳಗೆ ಜಾಗ ಸಿಕ್ಕಿತು. ನಮ್ಮ ಕೋಡರುಗಳ ಪರದೆಯ ಮೇಲೆ ಮಾತ್ರ ಇನ್ನೂ ಹಳೆಯ ಎಲ್80ರದೇ ದರ್ಬಾರು. ಅಮೆರಿಕ ಯಾವಾಗ ಬದಲಾಗುತ್ತದೆ ಎಂದು ಕಾಯುವುದು ಬೇಡ; ಟಿಪ್ಪಣಿ ಬದಲಾಗಲು ಯಾರ ಅಪ್ಪಣೆಯೂ ಬೇಕಿಲ್ಲ.

ರೋಗಿಗಳೂ ಕೇಳಬಹುದು. ಬಗೆ ಯಾವುದು, ಎಷ್ಟು ಅಂಗೈ, ಎಲ್ಲೆಲ್ಲಿ, ಹೊಸದು ಯಾವಾಗ ಬಂತು ಎಂದು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿದರೆ ಬಹುತೇಕ ವೈದ್ಯರು ಇಲ್ಲವೆನ್ನುವುದಿಲ್ಲ. ಮನೆಯಲ್ಲೂ ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಮಚ್ಚೆಯ ಫೋಟೋ ತೆಗೆದಿಟ್ಟುಕೊಳ್ಳಬಹುದು. ಮೊಬೈಲು ತಾನಾಗಿ ಚಂದ ಮಾಡುವ ಬ್ಯೂಟಿ ಮೋಡ್ ಮೊದಲು ಆಫ್ ಮಾಡಬೇಕು.

ಈ ದಾಖಲೆಗಳ ಅಗತ್ಯ ಬೀಳುವುದು ಮುಲಾಮು, ಬೆಳಕು ಎಲ್ಲ ಮುಗಿದು ಚರ್ಮದ ಕಸಿಯ ಮಾತು ಬಂದಾಗ. ತೊಡೆಯ ಚರ್ಮದಿಂದ ಬಣ್ಣದ ಕೋಶಗಳನ್ನು ತೆಗೆದು ಮಚ್ಚೆಯ ಮೇಲೆ ನೆಡುವ ಶಸ್ತ್ರಚಿಕಿತ್ಸೆ ನಮ್ಮ ದೇಶದಲ್ಲಿ ದಶಕಗಳಿಂದ ನಡೆಯುತ್ತಿದೆ. ದೆಹಲಿಯ ಪಿ.ಎನ್. ಬೆಹ್ಲ್ 1964ರಲ್ಲೇ ತೆಳು ಚರ್ಮದ ಕಸಿಯ ಬಗ್ಗೆ ಬರೆದಿದ್ದರು. ಆದರೆ ಕಾಯಿಲೆ ಕನಿಷ್ಠ ಒಂದು ವರ್ಷದಿಂದ ನಿಂತಿರಬೇಕು, ಹೊಸ ಮಚ್ಚೆ ಬಂದಿರಬಾರದು, ಹಳೆಯದು ಹಿಗ್ಗಿರಬಾರದು. ಇಲ್ಲದಿದ್ದರೆ ನೆಟ್ಟ ಕೋಶಗಳನ್ನೂ ದೇಹ ಕೊಲ್ಲುತ್ತದೆ, ಚರ್ಮ ತೆಗೆದ ತೊಡೆಯ ಮೇಲೂ ಹೊಸ ಮಚ್ಚೆ ಏಳುತ್ತದೆ. ‘ಕೊನೆಯ ಹೊಸ ಮಚ್ಚೆ ಬಂದದ್ದು ಯಾವಾಗ?’ ಎಂದು ಸರ್ಜನ್ ಕೇಳುತ್ತಾರೆ. ಕಳೆದ ವರ್ಷದ ಚೀಟಿಯಲ್ಲಿ ದಿನಾಂಕವೂ ಅಳತೆಯೂ ಇದ್ದರೆ ಆ ವಾರವೇ ದಿನ ಗೊತ್ತು ಮಾಡುತ್ತಾರೆ. ‘ಬಿಳಿ ಮಚ್ಚೆ, ಮುಲಾಮು ಮುಂದುವರಿಸಿ’ ಎಂದಷ್ಟೇ ಇದ್ದರೆ, ಇವತ್ತಿನಿಂದ ಹೊಸದಾಗಿ ಒಂದು ವರ್ಷ ಎಣಿಸಲು ಶುರು ಮಾಡುತ್ತಾರೆ.